ಮಕ್ಕಳಿಗೆ ಕಲಿಸಬೇಕಾದ ನೀರಿನ ಲೆಕ್ಕ



2019ರ ಜುಲೈ 12ರಂದು ಜೋಲಾರಪೇಟೆಯಿಂದ ಹೊರಟ ಗೂಡ್ಸ್ ರೈಲೊಂದು ಚೆನ್ನೈನ ವಿಲ್ಲಿವಾಕ್ಕಂ ತಲುಪಿತು. ಅದರ 50 ವ್ಯಾಗನ್‌ಗಳಲ್ಲಿ ಇದ್ದುದು ಕಲ್ಲಿದ್ದಲಲ್ಲ, ಪೆಟ್ರೋಲೂ ಅಲ್ಲ, ಕುಡಿಯುವ ನೀರು. ಒಂದು ವ್ಯಾಗನ್ನಿಗೆ ಸುಮಾರು 50,000 ಲೀಟರಿನಂತೆ ಒಟ್ಟು 25 ಲಕ್ಷ ಲೀಟರು. ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಜಲಾಶಯಗಳು ಬಹುತೇಕ ಬತ್ತಿಹೋಗಿದ್ದ ಕಾಲವದು. ಹಳಿಗಳ ಮೇಲೆ ಸುಮಾರು ಇನ್ನೂರು ಕಿಲೋಮೀಟರ್ ಸಾಗಿ ಬಂದದ್ದು ಕೊಡಗಿನಲ್ಲಿ ಹುಟ್ಟಿದ ಕಾವೇರಿಯ ನೀರು. ಅದಕ್ಕೂ ಮೂರು ವರ್ಷ ಮೊದಲು, 2016ರ ಏಪ್ರಿಲ್‌ನಲ್ಲಿ, ಮಿರಜಿನಿಂದ ಲಾತೂರಿಗೆ ಇದೇ ರೀತಿ ರೈಲಿನಲ್ಲಿ ನೀರು ಸಾಗಿಸಲಾಗಿತ್ತು.

ಅಂದು ಕೊಡ ಹಿಡಿದು ಲಾರಿಗಾಗಿ ಕಾದ ತಾಯಂದಿರ ಸೆರಗು ಹಿಡಿದು ನಿಂತ ಮಕ್ಕಳು ಇಂದು ಪ್ರೌಢಶಾಲೆಯಲ್ಲಿದ್ದಾರೆ. ಅವರಿಗೆ ಪರಿಸರದ ಪಾಠವಿಲ್ಲವೆಂದಲ್ಲ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿಯೇ ಪರಿಸರ ಶಿಕ್ಷಣವನ್ನು ಕಡ್ಡಾಯಗೊಳಿಸಲು ನಿರ್ದೇಶಿಸಿತು. ಪಾಠವೇನೋ ಬಂದಿತು, ಜೊತೆಗೆ ಅಂಕಗಳೂ ಬಂದವು. ಜೂನ್ 5ರಂದು ಥರ್ಮೋಕೋಲಿನಲ್ಲಿ ಹಸಿರು ಭೂಮಿಯ ಮಾದರಿ ಮಾಡಿಸಿ ಮರುದಿನ ಅದನ್ನು ಕಸದ ತೊಟ್ಟಿಗೆ ಹಾಕುವ ವಿನೋದವನ್ನು ಎಲ್ಲರೂ ಬಲ್ಲರು.

ಮಕ್ಕಳ ಮನಸ್ಸಿಗೆ ಉಪದೇಶಕ್ಕಿಂತ ಲೆಕ್ಕ ಬೇಗ ಹಿಡಿಸುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರು ನೀರು. ಐದನೆಯ ತರಗತಿಯ ಬಾಲಕನಿಗೂ ಇದು ತಿಳಿಯುತ್ತದೆ. ಚೆನ್ನೈನಲ್ಲಿ ವರ್ಷಕ್ಕೆ ಸರಾಸರಿ 1,400 ಮಿಲಿಮೀಟರಿನಷ್ಟು ಮಳೆಯಾಗುತ್ತದೆ. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ಬೀಳುವುದು 1,40,000 ಲೀಟರು. ಆವಿಯಾಗಿ, ಸಿಡಿದು, ಸೋರಿ ಐದರಲ್ಲೊಂದು ಪಾಲು ನಷ್ಟವಾದರೂ 1,12,000 ಲೀಟರು ಉಳಿಯಿತು. ಈಗ ಆ ರೈಲಿನ 25 ಲಕ್ಷವನ್ನು ಇದರಿಂದ ಭಾಗಿಸಲು ಮಗುವಿಗೆ ಹೇಳಿರಿ. ಉತ್ತರ ಇಪ್ಪತ್ತೆರಡಕ್ಕೆ ಸ್ವಲ್ಪ ಹೆಚ್ಚು. ಒಂದು ಬೀದಿಯ ಇಪ್ಪತ್ಮೂರು ಮನೆಗಳ ಮಾಳಿಗೆಗಳು ಒಂದು ವರ್ಷದಲ್ಲಿ ಅಂತಹ ಒಂದು ರೈಲನ್ನು ತುಂಬಬಲ್ಲವು! ಎಂಜಿನ್ ಬೇಡ, ಹಳಿ ಬೇಡ, ಪಂಪೂ ಬೇಡ.

ತಮಿಳುನಾಡು ಸರ್ಕಾರವು 2003ರಲ್ಲಿ ಎಲ್ಲ ಕಟ್ಟಡಗಳಿಗೂ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿದಾಗ ಜನ ಗೊಣಗುತ್ತಲೇ ಗುಂಡಿ ತೋಡಿಸಿದರು. ಬಾವಿಗಳ ನೀರು ಮೇಲೆ ಬಂದಾಗ ಗೊಣಗಾಟ ನಿಂತಿತು. ಅದರೊಡನೆ ನಿಗಾವೂ ನಿಂತಿತು. ಇಂದು ಎಷ್ಟೋ ಕಡೆ ಕೊಳವೆ ಒಡೆದಿದೆ, ಇಂಗುಗುಂಡಿಯಲ್ಲಿ ಹೂಳು ತುಂಬಿದೆ, ಅದರ ಮೇಲೆ ಸ್ಕೂಟರು ನಿಂತಿದೆ. ಸ್ಥಾಪಿಸುವುದಕ್ಕೆ ಆಜ್ಞೆ ಸಾಕು, ಕಾಪಾಡುವುದಕ್ಕೆ ಅಭ್ಯಾಸ ಬೇಕು. ಅಭ್ಯಾಸ ಬೆಳೆಯುವುದು ಎಳೆಯ ವಯಸ್ಸಿನಲ್ಲಿ.

ಆದ್ದರಿಂದ ಈ ನಿಗಾದ ಕೆಲಸವನ್ನು ಮಕ್ಕಳಿಗೇ ವಹಿಸಬಹುದು. ತೊಟ್ಟಿಕ್ಕುವ ನಲ್ಲಿಯ ಕೆಳಗೆ ರಾತ್ರಿ ಒಂದು ಪಾತ್ರೆಯಿಟ್ಟು ಬೆಳಿಗ್ಗೆ ಅಳೆಯಲಿ. ನೀರು ಶುದ್ಧೀಕರಿಸುವ ಯಂತ್ರ ಒಂದು ಲೀಟರು ಕೊಡುವಾಗ ಎಷ್ಟು ಹೊರಕ್ಕೆ ಬಿಡುತ್ತದೆಂದು ಬಕೆಟ್ ಇಟ್ಟು ನೋಡಲಿ. ಆ ನೀರಿನಲ್ಲಿ ನೆಲ ಒರೆಸಬಹುದೆಂದು ಅಮ್ಮನಿಗೆ ಅವರೇ ಹೇಳುತ್ತಾರೆ. ಆದರೆ ಹಿರಿಯರು ನಲ್ಲಿ ಬಿಟ್ಟುಕೊಂಡು ಗಡ್ಡ ಹೆರೆಯುತ್ತಿದ್ದರೆ ಈ ಪಾಠ ನಿಲ್ಲುವುದಿಲ್ಲ. ಸಮಾರಾಧನೆಯಲ್ಲಿ ಬಾಳೆಯೆಲೆ ಹಾಕಿ ಅದರ ಪಕ್ಕದಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಇಡುವುದನ್ನೂ ಮಕ್ಕಳು ಕಾಣುತ್ತಾರೆ.

ಬಿಡುವಿನ ದಿನ ಅವರನ್ನು ಪಳ್ಳಿಕರಣೆಯ ಜವುಗು ಪ್ರದೇಶದತ್ತ ಕರೆದೊಯ್ಯಿರಿ. 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಜಾಗ ತನ್ನ ಹಿಂದಿನ ವಿಸ್ತಾರದ ಒಂದು ಅಲ್ಪಭಾಗ ಮಾತ್ರ. ಒಂದು ಕಡೆ ಹಕ್ಕಿಗಳು, ಇನ್ನೊಂದು ಕಡೆ ಪೆರುಂಗುಡಿಯಲ್ಲಿ ನಗರ ದಶಕಗಳ ಕಾಲ ಕಸ ಸುರಿದ ನೆಲ. 2015ರ ಡಿಸೆಂಬರಿನಲ್ಲಿ ಮುಳುಗಿದ ನಗರವೇ 2019ರಲ್ಲಿ ಬಾಯಾರಿದ್ದೇಕೆಂದು ಮಕ್ಕಳು ಅಲ್ಲಿ ಕೇಳಿಯೇ ಕೇಳುತ್ತಾರೆ. ನೀರು ತಂಗುವ ತಾವುಗಳಲ್ಲಿ ಮನೆಗಳೆದ್ದವೆಂದು ಹೇಳಲು ಸಂಕೋಚವಾಗುತ್ತದೆ, ಏಕೆಂದರೆ ಆ ಮನೆಗಳಲ್ಲಿ ಬಂಧುಗಳೇ ಇರಬಹುದು. ಆದರೂ ಹೇಳಬೇಕು.

ಚೆನ್ನೈನ ಮಳೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುವುದು ಅಕ್ಟೋಬರಿನಿಂದ ಡಿಸೆಂಬರಿನೊಳಗೆ. ನವರಾತ್ರಿಯ ರಜೆಯಲ್ಲಿಯೇ ಅಜ್ಜನೂ ಮೊಮ್ಮಗನೂ ಮಾಳಿಗೆ ಹತ್ತಿ ಒಣಗಿದ ಎಲೆ ಗುಡಿಸಿ, ಕೊಳವೆಯ ಬಾಯಿಯ ಜಾಲರಿ ತೊಳೆದು ಬರಲಿ. ಅಲ್ಲಿ ನೇರ ಗೋಡೆಯ, ಸಮತಟ್ಟಾದ ತಳದ ಒಂದು ಡಬ್ಬಿ ಇಟ್ಟರೆ ಅದೇ ಮಳೆಮಾಪಕ. ಪ್ರತಿದಿನ ಬೆಳಿಗ್ಗೆ ಅಡಿಪಟ್ಟಿಯಲ್ಲಿ ಅಳೆದು ಪುಸ್ತಕದಲ್ಲಿ ಬರೆದು, ಪತ್ರಿಕೆಯಲ್ಲಿ ಬರುವ ನುಂಗಂಬಾಕ್ಕಂನ ಅಂಕಿಯೊಡನೆ ತಾಳೆ ನೋಡಲಿ. ಎರಡೂ ಒಂದೇ ಆಗಿರಬೇಕಿಲ್ಲ. ಮಳೆ ಬೀದಿಗೊಂದು ಬಗೆಯಾಗಿ ಸುರಿಯುತ್ತದೆ. ಆ ವ್ಯತ್ಯಾಸವೇಕೆಂದು ಮಗು ಕೇಳಿದಾಗ ಉತ್ತರ ಕೊಡಲು ಅಜ್ಜನೂ ಸ್ವಲ್ಪ ಓದಿಕೊಳ್ಳಬೇಕಾದೀತು.