ಬದಲಾಗಬೇಕಾದುದು ನಮ್ಮ ನೋಟ

(ವಿಕಲಚೇತನ ಮಕ್ಕಳ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಕಷ್ಟಗಳಿಲ್ಲದ ಬದುಕು ಈ ಭೂಮಿಯ ಮೇಲೆ ಯಾರಿಗೂ ದಕ್ಕಿಲ್ಲ. ಬಡತನ, ರೋಗ, ಅಗಲಿಕೆ, ಅಂಗವೈಕಲ್ಯ - ಇವುಗಳಲ್ಲಿ ಒಂದಲ್ಲ ಒಂದು ಪ್ರತಿ ಮನೆಯ ಬಾಗಿಲನ್ನೂ ತಟ್ಟಿಯೇ ತಟ್ಟುತ್ತದೆ. ಆದರೆ ಒಂದೇ ಬಗೆಯ ಕಷ್ಟಕ್ಕೊಳಗಾದ ಇಬ್ಬರಲ್ಲಿ ಒಬ್ಬನು ಕುಸಿದುಹೋಗುತ್ತಾನೆ, ಇನ್ನೊಬ್ಬನು ಎದ್ದು ನಿಲ್ಲುತ್ತಾನೆ. ಈ ವ್ಯತ್ಯಾಸಕ್ಕೆ ಕಾರಣವೇನು? ಮನೋಧೈರ್ಯವೆಂದು ನಾವು ಸುಲಭವಾಗಿ ಉತ್ತರಿಸಿಬಿಡುತ್ತೇವೆ. ಧೈರ್ಯ ಬೇಕು, ನಿಜ. ಆದರೆ ತಪ್ಪು ದಾರಿಯಲ್ಲಿ ಎಷ್ಟು ಧೈರ್ಯದಿಂದ ನಡೆದರೂ ಊರು ಸೇರಲಾಗದು. ತನ್ನ ಕಷ್ಟದ ಕುರಿತು ಮನುಷ್ಯನು ಯಾವ ಪ್ರಶ್ನೆ ಕೇಳಿಕೊಳ್ಳುತ್ತಾನೆ ಎಂಬುದೇ ಇಲ್ಲಿ ನಿರ್ಣಾಯಕ. ಇದನ್ನು ಅರಿಯಲು ನಾವು ಲೂಯಿ ಬ್ರೈಲ್‌ನ ಬದುಕನ್ನು ನೋಡೋಣ.

ಲೂಯಿ ಹುಟ್ಟಿದ್ದು 1809ರ ಜನವರಿ 4ರಂದು, ಫ್ರಾನ್ಸಿನ ಕೂಪ್‌ವ್ರೇ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗಳ ಜೀನು ತಯಾರಿಸುವ ಕುಶಲಕರ್ಮಿ. ಮೂರರ ಹರೆಯದಲ್ಲಿ ಆ ಮಗು ತಂದೆಯ ಕಾರ್ಯಾಗಾರದಲ್ಲಿ, ಚರ್ಮಕ್ಕೆ ತೂತು ಕೊರೆಯುವ ಮೊನಚಾದ ಉಪಕರಣದೊಂದಿಗೆ ಆಡುತ್ತಿದ್ದಾಗ ಅದು ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ, ಕೆಲವೇ ವರ್ಷಗಳಲ್ಲಿ ಬಾಲಕ ಸಂಪೂರ್ಣ ಅಂಧನಾದ. ಆ ಕಾಲದಲ್ಲಿ ಬಡ ಅಂಧರ ಪಾಲಿಗೆ ಸಾಮಾನ್ಯವಾಗಿ ಉಳಿದಿದ್ದ ವೃತ್ತಿ ಭಿಕ್ಷಾಟನೆ. ಆದರೆ ಆ ಹೆತ್ತವರು ಮಗನನ್ನು ಮೂಲೆಗೆ ತಳ್ಳಲಿಲ್ಲ. ಹಳ್ಳಿಯ ಮಾಮೂಲು ಶಾಲೆಗೆ ಕಳುಹಿಸಿದರು. ಹತ್ತನೆಯ ವಯಸ್ಸಿನಲ್ಲಿ ಪ್ಯಾರಿಸ್ಸಿನ ಅಂಧರ ಶಾಲೆಗೆ ಸೇರಿಸಿದರು.

ಆ ಶಾಲೆಯಲ್ಲಿ ಪುಸ್ತಕಗಳಿದ್ದವು. ಕಣ್ಣಿದ್ದವರು ಓದುವ ಅಕ್ಷರಗಳನ್ನೇ ದಪ್ಪ ಕಾಗದದ ಮೇಲೆ ಉಬ್ಬಾಗಿ ಒತ್ತಲಾಗಿತ್ತು. ಮಕ್ಕಳು ಒಂದೊಂದು ಅಕ್ಷರದ ವಕ್ರರೇಖೆಗಳನ್ನು ಬೆರಳಿನಿಂದ ತಡವುತ್ತಾ ಹೋಗಬೇಕಿತ್ತು. ವಾಕ್ಯ ಮುಗಿಯುವಷ್ಟರಲ್ಲಿ ಅದರ ಆರಂಭ ಮರೆತುಹೋಗುವಷ್ಟು ನಿಧಾನ. ಆ ಕ್ರಮದಲ್ಲಿ ಮಕ್ಕಳು ತಾವಾಗಿ ಬರೆಯುವುದಂತೂ ದೂರದ ಮಾತು. ಇದನ್ನು ರೂಪಿಸಿದವರು ಕರುಣೆಯುಳ್ಳವರೇ ಆಗಿದ್ದರು. ಆದರೆ 'ಕಣ್ಣಿನ ಅಕ್ಷರಗಳನ್ನು ಬೆರಳುಗಳಿಗೆ ಓದಿಸುವುದು ಹೇಗೆ?' ಎಂಬುದು ಅವರ ಪ್ರಶ್ನೆಯಾಗಿತ್ತು.

ಈ ಮಧ್ಯೆ ಮಾಜಿ ಸೇನಾಧಿಕಾರಿ ಶಾರ್ಲ್ ಬಾರ್ಬಿಯೆ ಎಂಬವರ ಚುಕ್ಕೆ ಬರಹ ಆ ಶಾಲೆಗೆ ಬಂತು. ಉಬ್ಬಿದ ಚುಕ್ಕೆಗಳು ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತಿದ್ದವು. ಆದರೆ ಒಂದು ಸಂಕೇತಕ್ಕೆ ಹನ್ನೆರಡು ಚುಕ್ಕೆಗಳವರೆಗೆ ಬೇಕಾಗುತ್ತಿದ್ದುದರಿಂದ ಅದು ಬೆರಳ ತುದಿಗೆ ಒಮ್ಮೆಲೇ ನಿಲುಕುತ್ತಿರಲಿಲ್ಲ. ಬಾಲಕ ಲೂಯಿ ಅದನ್ನು ಆರಕ್ಕೆ ಇಳಿಸಿದ. ಎರಡು ಸಾಲು, ಸಾಲಿಗೆ ಮೂರು ಚುಕ್ಕೆ. ಒಂದೇ ಸ್ಪರ್ಶಕ್ಕೆ ಇಡೀ ಅಕ್ಷರ! ಆ ಆರು ಚುಕ್ಕೆಗಳಿಂದ 63 ಸಂಕೇತಗಳು ಹುಟ್ಟುತ್ತವೆ. 1824ರಲ್ಲಿ ಇದರ ರೂಪರೇಷೆ ಸಿದ್ಧವಾದಾಗ ಅವನ ಪ್ರಾಯ ಹದಿನೈದು. ಅವನು ಬರೆಯಲು ಬಳಸಿದ್ದೂ ಮೊನಚಾದ ಒಂದು ಚುಚ್ಚುಗಡ್ಡಿಯನ್ನೇ. ಕಣ್ಣನ್ನು ಕಿತ್ತುಕೊಂಡ ಉಪಕರಣದ ಜಾತಿಗೆ ಸೇರಿದ ವಸ್ತುವೇ ಅಕ್ಷರವನ್ನು ಕೊಟ್ಟಿತು.

ಗಮನಿಸಿ. ಅವನ ಕಣ್ಣು ಮರಳಿ ಬರಲಿಲ್ಲ. ಬದಲಾದುದು ಪ್ರಶ್ನೆ ಮಾತ್ರ. 'ನನ್ನಲ್ಲಿಲ್ಲದ ಕಣ್ಣಿನ ಕೆಲಸವನ್ನು ಮಾಡುವುದು ಹೇಗೆ?' ಎಂಬುದರ ಬದಲು 'ನನ್ನಲ್ಲಿರುವ ಬೆರಳಿಗೆ ಯಾವ ಅಕ್ಷರ ಬೇಕು?' ಎಂದು ಅವನು ಕೇಳಿದ. ದೃಷ್ಟಿಕೋನದ ಬದಲಾವಣೆ ಎಂದರೆ ಇದೇ. ನೋವನ್ನು ನೋವಲ್ಲವೆಂದು ನಟಿಸುವುದಲ್ಲ, ಕಣ್ಣೀರು ಹಾಕುವವರಿಗೆ ನಗಬೇಕೆಂದು ಉಪದೇಶಿಸುವುದೂ ಅಲ್ಲ. ಕಳೆದುಹೋದುದರ ಲೆಕ್ಕವನ್ನು ಬದಿಗಿಟ್ಟು ಉಳಿದಿರುವುದರ ಲೆಕ್ಕ ಹಾಕುವುದು.

ಆದರೆ ವ್ಯಕ್ತಿಯೊಬ್ಬನ ನೋಟ ಬದಲಾದರೆ ಸಾಕೇ? ಸಾಲದು. ಆ ಲಿಪಿಯನ್ನು ಅವನದೇ ಶಾಲೆಯ ಆಡಳಿತವು 1840ರ ದಶಕದ ಆರಂಭದಲ್ಲಿ ನಿಷೇಧಿಸಿತು. ಕಣ್ಣಿದ್ದವರಿಗೆ ಓದಲಾಗದ ಲಿಪಿಯು ಅಂಧರನ್ನು ಪ್ರತ್ಯೇಕಿಸುತ್ತದೆ ಎಂಬ ವಾದವಿತ್ತು. ಮಕ್ಕಳು ಗುಟ್ಟಾಗಿ ಅದನ್ನೇ ಬಳಸಿದರು. ಕೊನೆಗೆ 1844ರಲ್ಲಿ, ಶಾಲೆಯ ಹೊಸ ಕಟ್ಟಡದ ಉದ್ಘಾಟನೆಯಂದು ಅದರ ಬಹಿರಂಗ ಪ್ರದರ್ಶನ ನಡೆಯಿತು. ಫ್ರಾನ್ಸ್ ಅದನ್ನು ಅಧಿಕೃತವಾಗಿ ಅಂಗೀಕರಿಸಿದ್ದು 1854ರಲ್ಲಿ; ಬ್ರೈಲ್ 1852ರಲ್ಲೇ ಕ್ಷಯರೋಗದಿಂದ ತೀರಿಕೊಂಡಿದ್ದರು. ನಮ್ಮ ದೇಶದಲ್ಲಿ 1951ರಲ್ಲಿ ಭಾರತಿ ಬ್ರೈಲ್ ಸಿದ್ಧವಾಯಿತು. ಇಂದು ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಅದೇ ಚುಕ್ಕೆಗಳು.

ಇನ್ನು ನಮ್ಮ ಮನೆಗಳನ್ನು ನೋಡಿಕೊಳ್ಳೋಣ. 2011ರ ಜನಗಣತಿಯಲ್ಲಿ ದೇಶದ ಸುಮಾರು 2.68 ಕೋಟಿ ಮಂದಿ ವಿಕಲಚೇತನರೆಂದು ದಾಖಲಾಗಿದ್ದಾರೆ. ಅವರಲ್ಲಿ ದೃಷ್ಟಿದೋಷವುಳ್ಳವರೇ ಸುಮಾರು 50 ಲಕ್ಷ. ನೆಂಟರು ಬಂದಾಗ ಇಂತಹ ಮಗುವನ್ನು ಒಳಕೋಣೆಗೆ ಕಳುಹಿಸುವ ಮನೆಗಳು ಇಂದಿಗೂ ಇಲ್ಲವೇ? ಹೆಣ್ಣು ಮಗುವಾದರಂತೂ ಇಮ್ಮಡಿ ಮೌನ. ಹಣೆಬರಹವೆಂದು ನಿಟ್ಟುಸಿರು ಬಿಡುವ ನಾವು, 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನು ಎಷ್ಟು ಮಂದಿ ಓದಿದ್ದೇವೆ? ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ, 6ರಿಂದ 18 ವರ್ಷದೊಳಗಿನ ಮಗುವಿಗೆ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕನ್ನು ಅದು ನೀಡಿದೆ. ಸರಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5, ಸರಕಾರಿ ಉದ್ಯೋಗದಲ್ಲಿ ಶೇಕಡಾ 4 ಮೀಸಲಾತಿಯಿದೆ. ಇದು ಭಿಕ್ಷೆಯಲ್ಲ, ಹಕ್ಕು. ಅದನ್ನು ಜಾರಿಗೊಳಿಸುವುದು ಸರಕಾರದ ಹೊಣೆ. ಕೇಳಿ ಪಡೆಯುವುದು ನಮ್ಮ ಹೊಣೆ. ವರ್ಷಕ್ಕೊಮ್ಮೆ ಸಮಾರಂಭ ಏರ್ಪಡಿಸಿ ಗಾಲಿಕುರ್ಚಿ ಹಂಚಿ ಭಾವಚಿತ್ರ ತೆಗೆಸಿಕೊಳ್ಳುವುದರಿಂದ ಈ ಹೊಣೆ ತೀರುವುದಿಲ್ಲ.

ಬಂಧುಗಳೇ, ಕೂಪ್‌ವ್ರೇಯ ಆ ಹೆತ್ತವರು ವಿದ್ವಾಂಸರಾಗಿರಲಿಲ್ಲ, ಶ್ರೀಮಂತರೂ ಆಗಿರಲಿಲ್ಲ. ಮಗನನ್ನು ಶಾಲೆಗೆ ಕಳುಹಿಸಿದರು, ಅಷ್ಟೇ. ಅಷ್ಟರಿಂದ ಜಗತ್ತಿನ ಅಂಧರಿಗೆಲ್ಲ ಲಿಪಿಯೊಂದು ದೊರೆಯಿತು. ಆದ್ದರಿಂದ ನಾಳೆ ನಮ್ಮ ಮಗುವಿನ ಬಗ್ಗೆ ಯಾರಾದರೂ 'ಪಾಪ, ಇವನಿಗೇನು ಕೊರತೆ?' ಎಂದು ಕೇಳಿದರೆ, 'ಇವನಿಗೆ ಏನೆಲ್ಲಾ ಬರುತ್ತದೆ ಎಂದು ಕೇಳಿ' ಎನ್ನೋಣ. ಆ ಉತ್ತರವನ್ನು ಮಗು ಕೇಳಿಸಿಕೊಳ್ಳಲಿ. ಅದರ ಬದುಕು ಅಲ್ಲಿಂದಲೇ ಬದಲಾಗತೊಡಗುತ್ತದೆ.