ಇಸಿಲಕ್ಕೆ ಬಂದ ಸುತ್ತೋಲೆ

ಈ ವಾರ ಹರಿಹರದಿಂದ ದಾವಣಗೆರೆಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ವಿಶ್ವವಿದ್ಯಾಲಯವೊಂದರ ಪರೀಕ್ಷಾ ವಿಭಾಗದ ಅಧಿಕಾರಿ. ಬುದ್ಧಗಯೆ, ಸಾರನಾಥ, ಕುಶಿನಗರ ನೋಡಿಕೊಂಡು ಆಗಷ್ಟೇ ಊರಿಗೆ ಮರಳಿದ್ದರು. ಅಲ್ಲಿ ಏನು ಹಿಡಿಸಿತು ಎಂದು ಕೇಳಿದೆ. ಮಹಾಬೋಧಿ ದೇವಾಲಯದ ಶಿಖರ, ಅರಳಿಮರ ಅಂತ ಏನಾದರೂ ಹೇಳುತ್ತಾರೆ ಅಂದುಕೊಂಡಿದ್ದೆ. "ಅಲ್ಲಿ ಯಾರೂ ನನ್ನನ್ನ ಸಾರ್ ಅನ್ನಲಿಲ್ಲ ನೋಡ್ರಿ. ಎಲ್ಲರಂಗೆ ಚಪ್ಪಲಿ ಬಿಟ್ಟು ಸಾಲಿನಾಗೆ ನಿಂತೆ. ಭಾಳ ಹಗುರಾತು" ಎಂದರು.

ಆ ಮಾತು ಇನ್ನೂ ಮನಸ್ಸಿನಲ್ಲಿದೆ. ಓರಿಯೆಂಟೇಷನ್, ರಿಫ್ರೆಶರ್ ಕೋರ್ಸ್, ಪ್ರಮಾಣಪತ್ರ, ಬಡ್ತಿ: ವಿಶ್ವವಿದ್ಯಾಲಯದ ನೌಕರಿಯಲ್ಲಿ ಏಳಿಗೆ ಎಂದರೆ ಇವೇ. ಇವೂ ಬೇಕು. ಆದರೆ ಕುರ್ಚಿಯ ಭಾರ ಇಳಿಸಿಕೊಳ್ಳುವುದನ್ನು ಯಾವ ಕೋರ್ಸಿನಲ್ಲೂ ಕಲಿಸುವುದಿಲ್ಲ.

ಬುದ್ಧಗಯೆಯ ದಾರಿಯನ್ನು ದೊರೆಗಳಿಗೆ ತೋರಿಸಿಕೊಟ್ಟವನು ಅಶೋಕ. ಹಿಂದಿನ ಅರಸರು ಬೇಟೆಗೆ, ವಿಹಾರಕ್ಕೆ ಹೋಗುತ್ತಿದ್ದರು. ಪಟ್ಟಕ್ಕೆ ಬಂದು 10 ವರ್ಷವಾದಾಗ ತಾನು ಸಂಬೋಧಿಗೆ, ಅಂದರೆ ಬುದ್ಧಗಯೆಗೆ, ಹೋದೆ, ಧರ್ಮಯಾತ್ರೆ ಅಲ್ಲಿಂದ ಶುರುವಾಯಿತು ಎಂದು ಬಂಡೆಯ ಮೇಲೆ ಬರೆಸಿದ್ದಾನೆ. ಯಾತ್ರೆಯಲ್ಲಿ ಮಾಡುವುದೇನು? ಶ್ರಮಣರನ್ನು, ಬ್ರಾಹ್ಮಣರನ್ನು, ವಯಸ್ಸಾದವರನ್ನು ಕಾಣುವುದು, ದಾನ ಮಾಡುವುದು, ಹಳ್ಳಿಗಾಡಿನ ಜನರ ಜೊತೆ ಧರ್ಮದ ಮಾತಾಡುವುದು. ಗುಡಿ ಗೋಪುರ ನೋಡುವ ಪ್ರಸ್ತಾಪವೇ ಅಲ್ಲಿಲ್ಲ. ತನ್ನ ಅಧಿಕಾರಿಗಳೂ 5 ವರ್ಷಕ್ಕೊಮ್ಮೆ ಸಂಚಾರ ಹೊರಡಬೇಕು ಎಂದು ಅವನು ಕಟ್ಟಳೆ ಮಾಡಿದ್ದ.

ಅಶೋಕನನ್ನು ಕಾಣಲು ನಾವು ಬಿಹಾರಕ್ಕೇ ಹೋಗಬೇಕಿಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಇದೆ; ಅದರ ಆಸುಪಾಸಿನಲ್ಲೇ ಸಿದ್ದಾಪುರ, ಜಟಿಂಗ ರಾಮೇಶ್ವರ. ಅಲ್ಲಿಯ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ನನಗೆ ಬಹಳ ಪ್ರಿಯವಾದ ಶಾಸನಗಳು ಇವು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನಿಂದ ಇಸಿಲ ಎಂಬ ಇಲ್ಲಿಯ ಊರಿನ ಮಹಾಮಾತ್ರರಿಗೆ, ಅಂದರೆ ಹಿರಿಯ ಅಧಿಕಾರಿಗಳಿಗೆ, ಬಂದ ಅಪ್ಪಣೆ ಇವುಗಳಲ್ಲಿದೆ. ಇವತ್ತಿನ ಮಾತಿನಲ್ಲಿ ಹೇಳುವುದಾದರೆ ಸುತ್ತೋಲೆ. ನಮ್ಮ ಕಚೇರಿಗಳ ಸುತ್ತೋಲೆ ವಿಷಯ, ಉಲ್ಲೇಖ ಎಂದು ಶುರುವಾಗುತ್ತದೆ. ಈ ಸುತ್ತೋಲೆ ಮೊದಲು ಕೆಳಗಿನ ಅಧಿಕಾರಿಗಳ ಆರೋಗ್ಯ ವಿಚಾರಿಸುತ್ತದೆ! ಅಪ್ಪಣೆ ಆಮೇಲೆ. ತಂದೆತಾಯಿಯ ಸೇವೆ ಮಾಡಿ, ಜೀವಿಗಳಲ್ಲಿ ದಯೆಯಿರಲಿ, ಸತ್ಯ ನುಡಿಯಿರಿ, ಶಿಷ್ಯರು ಗುರುಗಳನ್ನು ಗೌರವಿಸಲಿ ಎನ್ನುತ್ತದೆ. ಇನ್ನೊಂದು ಮಾತೂ ಇದೆ: ಧರ್ಮದಲ್ಲಿ ಶ್ರಮಪಟ್ಟರೆ ಅದರ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ.

ಸಣ್ಣವರಿಗೂ. 2,200ಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನೆಲದ ಕಲ್ಲಿನಲ್ಲಿ ಕೊರೆದ ಮಾತು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬ್ ಅಂಬೇಡ್ಕರರು ಬುದ್ಧನಿಗೆ ಶರಣಾದಾಗ ಲಕ್ಷಾಂತರ ಜನಕ್ಕೆ ಸಿಕ್ಕಿದ್ದೂ ಇದೇ ಭರವಸೆ. ಅಲ್ಲಿಯ ದೀಕ್ಷಾಭೂಮಿಗೆ ನಮ್ಮ ಕಡೆಯಿಂದ ಈಗಲೂ ಜನ ಹೋಗುತ್ತಾರೆ. ಅಷ್ಟು ದೂರ ಆಗದವರಿಗೆ ಹರಿಹರದ ಹನಗವಾಡಿ ಬಳಿ ಮೈತ್ರಿವನವಿದೆ. ಹರಿಹರದಲ್ಲಿ ಹುಟ್ಟಿ, ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿ, ದಲಿತ ಸಂಘರ್ಷ ಸಮಿತಿ ಕಟ್ಟಿದ ಪ್ರೊ. ಬಿ. ಕೃಷ್ಣಪ್ಪನವರ ಸ್ಮಾರಕ ಅಲ್ಲಿದೆ. ಪಾಠ ಮುಗಿಯಿತು, ನನ್ನ ಕೆಲಸವೂ ಮುಗಿಯಿತು ಎಂದು ಅವರು ಮನೆಗೆ ಹೋದವರಲ್ಲ. ಅಧ್ಯಾಪಕರಿಗೆ ಇದಕ್ಕಿಂತ ಹತ್ತಿರದ ಯಾತ್ರಾಸ್ಥಳ ನನಗೆ ಕಾಣುವುದಿಲ್ಲ.

ವಿಶ್ವವಿದ್ಯಾಲಯದವರಲ್ಲಿ ನನ್ನದೊಂದು ವಿನಂತಿ. ಇಂಥ ಯಾತ್ರೆಗೆ ಬಸ್ಸು ಮಾಡಿಸುವಾಗ ಪ್ರಾಧ್ಯಾಪಕರ ಪಟ್ಟಿಯಷ್ಟೇ ಸಾಲದು. ಬಾಗಿಲಲ್ಲಿ ಕೂರುವ ಅಟೆಂಡರ್, ಪ್ರಯೋಗಾಲಯ ತೊಳೆಯುವ ಹೆಣ್ಣುಮಗಳು, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎನ್ನುವ ಅತಿಥಿ ಉಪನ್ಯಾಸಕ, ಇವರ ಹೆಸರನ್ನು ಮೊದಲು ಬರೆದುಕೊಳ್ಳಿ. ಅವರ ಬಸ್ ಚಾರ್ಜು, ಊಟದ ಖರ್ಚನ್ನು ಸಂಬಳ ಹೆಚ್ಚಿರುವವರು ಹಂಚಿಕೊಳ್ಳಿ.