ಹಲ್ಲಿನ ಬೇರನ್ನು ತೊಳೆಯುವ ದ್ರಾವಣ
(ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಹುಳುಕು ಹಲ್ಲಿಗೆ ಬೇರುನಾಳದ ಚಿಕಿತ್ಸೆ ಮಾಡಿಸಿಕೊಂಡು ಬಂದವರು ಆ ರಾತ್ರಿ ನೋವಿನಿಂದ ನರಳಿ, “ಹಣವೂ ಹೋಯಿತು, ಹಲ್ಲೂ ಕೆಟ್ಟಿತು” ಎಂದು ಹಲುಬುವುದನ್ನು ನಾವು ಕಂಡಿದ್ದೇವೆ. ಹಾಗೆ ಬೇಸತ್ತು ಮತ್ತೆ ವೈದ್ಯರ ಬಳಿಗೆ ಹೋಗದೆ, ಉಳಿಯಬಹುದಾಗಿದ್ದ ಹಲ್ಲನ್ನು ಕಡೆಗೆ ಕೀಳಿಸಿಕೊಂಡವರೂ ಉಂಟು. ಆದುದರಿಂದ ಆ ನೋವಿನ ಕಾರಣಗಳಲ್ಲಿ ಒಂದನ್ನು ಇಂದು ತಮ್ಮ ಮುಂದಿಡಬಯಸುತ್ತೇವೆ.

ಬೇರಿನೊಳಗಿನ ನಾಳವು ನೇರವಾದ ಕೊಳವೆಯಲ್ಲ. ಅದಕ್ಕೆ ಕವಲುಗಳುಂಟು, ಸಂದುಗಳುಂಟು. ವೈದ್ಯರ ಸೂಜಿಯಂತಹ ಸಣ್ಣ ಅರವು ಅಲ್ಲೆಲ್ಲ ಮುಟ್ಟಲಾರದು. ಉಳಿದ ತಿರುಳನ್ನು ಕರಗಿಸಿ ರೋಗಾಣುಗಳನ್ನು ಕೊಲ್ಲಲು ದ್ರಾವಣದಿಂದ ತೊಳೆಯಲೇಬೇಕು. ಇದಕ್ಕೆ ಹೆಚ್ಚಾಗಿ ಬಳಸುವುದು ಸೋಡಿಯಂ ಹೈಪೋಕ್ಲೋರೈಟ್. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದಾಗ ಬರುವಂತಹ ವಾಸನೆಯೇ ಇದಕ್ಕೂ! ಮೊದಲನೆಯ ಮಹಾಯುದ್ಧದಲ್ಲಿ, 1915ರಲ್ಲಿ, ಹೆನ್ರಿ ಡೇಕಿನ್ ಎಂಬ ರಸಾಯನಶಾಸ್ತ್ರಜ್ಞನು ಸೈನಿಕರ ಗಾಯ ತೊಳೆಯಲು ಸಿದ್ಧಪಡಿಸಿದ ದ್ರಾವಣದಲ್ಲಿ ಇದು ಸುಮಾರು ಶೇಕಡ 0.5ರಷ್ಟಿತ್ತು. ದಂತವೈದ್ಯರು ಬಹುತೇಕ ಶೇಕಡ 0.5ರಿಂದ 5.25ರವರೆಗಿನ ದ್ರಾವಣವನ್ನು ಬಳಸುತ್ತಾರೆ.

ಸತ್ತ ತಿರುಳನ್ನು ಕರಗಿಸುವ ಈ ದ್ರಾವಣಕ್ಕೆ ಜೀವಂತ ಮಾಂಸವೆಂಬ ದಾಕ್ಷಿಣ್ಯವಿಲ್ಲ. ಬೇರಿನ ತುದಿಯಿಂದಾಚೆಗೆ ಜಿನುಗಿದರೆ ಅಲ್ಲಿ ಕೆರಳಿಕೆಯೂ ನೋವೂ ಉಂಟಾಗುತ್ತವೆ. ಆದುದರಿಂದಲೇ ಪಕ್ಕದಲ್ಲಿ ರಂಧ್ರವುಳ್ಳ ಸೂಜಿಯನ್ನು ತುದಿಗಿಂತ ಒಂದೆರಡು ಮಿಲಿಮೀಟರು ಹಿಂದೆಯೇ ನಿಲ್ಲಿಸಿ, ಮೆಲ್ಲಮೆಲ್ಲನೆ ಒತ್ತಬೇಕು.

ಹಾಗಾದರೆ ದ್ರಾವಣವು ತೆಳುವಾಗಿದ್ದಷ್ಟೂ ಲೇಸಲ್ಲವೇ ಎಂದು ತಾವು ಕೇಳಬಹುದು. ತಿರುಳು ಸತ್ತ ದವಡೆಹಲ್ಲುಗಳಲ್ಲಿ ನಡೆಸಿ 2020ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಶೇಕಡ 5.25ಕ್ಕಿಂತ 1.3ರ ದ್ರಾವಣದಿಂದ ನೋವು ಕಡಿಮೆಯಾಗಿತ್ತು. ಆದರೆ 2018ರ ಇನ್ನೊಂದು ಪರೀಕ್ಷೆಯಲ್ಲಿ ಶೇಕಡ 2.5ಕ್ಕಿಂತ 5.25ರಿಂದಲೇ ನೋವು ಕಡಿಮೆ! ಪ್ರಮಾಣವೊಂದನ್ನೇ ದೂರುವುದು ನಮಗೆ ಸರಿದೋರದು. ಕ್ಲೋರ್‌ಹೆಕ್ಸಿಡೀನ್ ಎಂಬ ಮತ್ತೊಂದು ದ್ರಾವಣವು ರೋಗಾಣುಗಳನ್ನು ಕೊಲ್ಲುವುದಾದರೂ ತಿರುಳನ್ನು ಕರಗಿಸದು. ಈಚಿನ ವರ್ಷಗಳಲ್ಲಿ ಕಡೆಯ ತೊಳೆತಕ್ಕೆ ಬಹಳ ತಣ್ಣಗಿನ ಲವಣಜಲವನ್ನು ಬಳಸಿ, ಮೊದಲ ದಿನದ ನೋವು ತಗ್ಗುವುದನ್ನೂ ಕೆಲವರು ಕಂಡಿದ್ದಾರೆ.

ನೋವು ಸಾಮಾನ್ಯವಾಗಿ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಹೆಚ್ಚಾಗಿದ್ದು, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಹಲ್ಲು ಕೆಟ್ಟಿತೆಂದು ಅದರಿಂದಲೇ ತಿಳಿಯಬಾರದು. ನೋವು ಏರುತ್ತಲೇ ಹೋದರೆ, ಕೆನ್ನೆ ಊದಿಕೊಂಡರೆ, ತಡಮಾಡದೆ ಅದೇ ವೈದ್ಯರನ್ನು ಕಾಣತಕ್ಕದ್ದು. ಮಕ್ಕಳೆ, ತೊಳೆಯುತ್ತಿರುವಾಗಲೇ ಒಮ್ಮೆಗೆ ಉರಿದರೆ ಅಥವಾ ಬಾಯಿಗೆ ಆ ಬ್ಲೀಚಿಂಗ್ ಪೌಡರಿನ ರುಚಿ ಬಂದರೆ, ತರಗತಿಯಲ್ಲಿ ಎತ್ತುವಂತೆ ಕೈ ಎತ್ತಿರಿ. ಬಾಯಿ ತೆರೆದು ಕುಳಿತವರಿಗೆ ಮಾತನಾಡಲು ಬೇರೆ ದಾರಿಯಿಲ್ಲ.